ದೇವರ ಗೂಡಿನ ಫ್ಲಾಪಿ

ಗುಬ್ಬಿಯಲ್ಲಿ ಒಂದು ಸರ್ಕಾರಿ ಕಚೇರಿ ಇತ್ತು. ಯಾವ ಇಲಾಖೆ ಅಂತ ಕೇಳಬೇಡಿ, ಆ ಕಚೇರಿಯವರಿಗೇ ಒಂದೊಂದು ಸಲ ಅನುಮಾನ ಬರುತ್ತಿತ್ತು. ಹಾಗಲವಾಡಿ ಹತ್ತಿರ ಅದಕ್ಕೊಂದು ಸಸಿ ತೋಟವಿತ್ತು, ಅಲ್ಲಿ ಬೇವು, ಹೊಂಗೆ, ಹುಣಸೆ ಸಸಿ ಬೆಳೆಸಿ ಊರೂರಿಗೆ ಹಂಚುತ್ತಿದ್ದರು. ಈ ಕಥೆಗೆ ಅಷ್ಟು ಗೊತ್ತಿದ್ದರೆ ಸಾಕು. ಆದರೆ ಆ ಕಚೇರಿಯ ಗುಮಾಸ್ತರನ್ನು ಇಡೀ ಗುಬ್ಬಿ ಬಲ್ಲದು. ಅವರ ಹೆಸರು ಬರೀ ಕದರಯ್ಯ ಅಲ್ಲ, ಕಂಪ್ಯೂಟ್ರು ಕದರಯ್ಯ.

ಈ ಬಿರುದು ಬಂದದ್ದು ಹೀಗೆ. 1994ರಲ್ಲಿ ತುಮಕೂರಿನಲ್ಲಿ ಹದಿನೈದು ದಿನದ ಕಂಪ್ಯೂಟರ್ ತರಬೇತಿ ಅಂತ ಸುತ್ತೋಲೆ ಬಂತು. ಯಾರು ಹೋಗ್ತೀರಿ ಅಂತ ಕೇಳಿದ ದಿನ ಎಲ್ಲರೂ ತಲೆ ತಗ್ಗಿಸಿ ಫೈಲಿನೊಳಗೆ ಮುಖ ಹುದುಗಿಸಿದರು. ಕದರಯ್ಯ ಅವತ್ತು ರಜೆ ಹಾಕಿದ್ದರು. ಬೇಡ ಅನ್ನುವುದಕ್ಕೆ ಆಸಾಮಿಯೇ ಇರಲಿಲ್ಲವಾದ್ದರಿಂದ ಅವರ ಹೆಸರೇ ಹೋಯಿತು. ಹೋದವರು ಅಲ್ಲಿ ಕಲಿತದ್ದು ಒಂದೇ ಒಂದು ವಿದ್ಯೆ. ಕಪ್ಪು ಪರದೆಯ ಮೇಲೆ ಚೌಕ ಚೌಕ ಮನೆಗಳ ಒಂದು ಹಾಳೆ, ಅದರಲ್ಲಿ ಹೆಸರು, ಅಂಕಿ ತುಂಬುವುದು, ಆಮೇಲೆ ಅದನ್ನು ಪ್ರಿಂಟ್ ಮಾಡುವುದು. ಮೇಷ್ಟ್ರು ಹೇಳಿಕೊಟ್ಟ ಕೀಲಿಗಳನ್ನು ಅವರು ಮಗ್ಗಿ ಉರುಹೊಡೆದ ಹಾಗೆ ಉರುಹೊಡೆದರು. ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವಾಗಲೂ 'ಸ್ಲ್ಯಾಶ್, ಪೀ, ಪೀ, ಆರ್' ಅಂತ ಹೇಳಿಕೊಳ್ಳುತ್ತಿದ್ದರು. ಅವರ ಹೆಂಡತಿ ಶಶಿರೇಖಾ, ಇದ್ಯಾವುದೋ ಹೊಸ ದೇವರಿರಬೇಕು ಅಂತ ಒಂದು ವಾರ ಬಾಗಿಲಲ್ಲೇ ನಿಂತು ಕೈಮುಗಿದಿದ್ದರು.

ಅಲ್ಲಿಂದ ಮುಂದೆ ಗುಬ್ಬಿಯಲ್ಲಿ ವೈರು ಇರುವ ಯಾವ ವಸ್ತು ಕೆಟ್ಟರೂ ಕದರಯ್ಯನವರ ಮನೆಗೆ ಬರತೊಡಗಿತು. ಟೀವಿ ರಿಮೋಟು, ಮಿಕ್ಸಿ, ಒಂದು ಸಲ ಪಂಪ್‌ಸೆಟ್ಟಿನ ಸ್ಟಾರ್ಟರು ಕೂಡ. ಅವರು ಯಾವುದನ್ನೂ ರಿಪೇರಿ ಮಾಡಲಿಲ್ಲ, ಆದರೆ ಯಾವುದನ್ನೂ ನನಗೆ ಗೊತ್ತಿಲ್ಲ ಅಂತ ವಾಪಸ್ ಕಳಿಸಲೂ ಇಲ್ಲ. 'ಇದರ ಪ್ರೋಗ್ರಾಂ ಹೋಗಿದೆ' ಅಂತ ಗಂಭೀರವಾಗಿ ಹೇಳಿ ಕೊಡುತ್ತಿದ್ದರು. 1999ರ ಡಿಸೆಂಬರಿನಲ್ಲಿ, ಎರಡು ಸಾವಿರ ಹುಟ್ಟಿದ ತಕ್ಷಣ ಪ್ರಪಂಚದ ಕಂಪ್ಯೂಟರೆಲ್ಲ ನಿಂತುಹೋಗುತ್ತವಂತೆ ಅಂತ ಪೇಪರಿನಲ್ಲಿ ಬಂದಾಗ, ಬಸ್‌ಸ್ಟ್ಯಾಂಡ್ ಹೋಟೆಲಿನವರು ಅವರನ್ನು ಕೂರಿಸಿಕೊಂಡು ಏನ್ ಸಾರ್ ಮುಂದೆ ಗತಿ ಅಂತ ಕೇಳಿದರು. ಕದರಯ್ಯ ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ನಾನಿದೀನಲ್ಲ ಅಂದರು. ಜನವರಿ ಒಂದಕ್ಕೆ ಗುಬ್ಬಿಗೆ ಏನೂ ಆಗಲಿಲ್ಲ. ಅದರ ಯಶಸ್ಸೂ ಅವರ ಖಾತೆಗೇ ಹೋಯಿತು.

ಆದರೆ ಕಾಲ ಸುಮ್ಮನಿರುತ್ತದೆಯೇ. 2005ರಲ್ಲಿ ಹಳೇ ಕಪ್ಪು ಪರದೆಯನ್ನೂ, ಕರ್ ಕರ್ ಅನ್ನುತ್ತಿದ್ದ ಹಳೇ ಪ್ರಿಂಟರನ್ನೂ ಗುಜರಿಗೆ ಹರಾಜು ಹಾಕಿದರು. ಹೊಸ ಕಂಪ್ಯೂಟರ್ ಬಂತು, ಸದ್ದೇ ಮಾಡದ ಬೆಳ್ಳನೆಯ ಹೊಸ ಪ್ರಿಂಟರು ಬಂತು, ಅವುಗಳ ಜೊತೆಗೆ ನಿಟ್ಟೂರಿನಿಂದ ಸ್ಕೂಟಿಯಲ್ಲಿ ಓಡಾಡುವ ಅರುಣಾ ಅನ್ನುವ ಆಪರೇಟರೂ ಬಂದರು. ಕದರಯ್ಯ ಹೊಸ ಯಂತ್ರದ ಮುಂದೆ ಎರಡು ನಿಮಿಷ ನಿಂತು, 'ಅಡಿಪಾಯ ಎಲ್ಲಾ ಒಂದೇ ಅರುಣಮ್ಮ, ಇದು ಬರೀ ಸುಣ್ಣಬಣ್ಣ' ಅಂದರು. ಆಮೇಲೆ ಅದರ ಮೌಸನ್ನು ದಿನಾ ಬೆಳಿಗ್ಗೆ ಕರ್ಚೀಫಿನಿಂದ ಒರೆಸಿ ಇಡುತ್ತಿದ್ದರೇ ಹೊರತು ಒಂದು ಸಲವೂ ಅಲ್ಲಾಡಿಸಲಿಲ್ಲ. ಅರುಣಾ ಎಲ್ಲ ನೋಡುತ್ತಿದ್ದರು, ಏನೂ ಹೇಳುತ್ತಿರಲಿಲ್ಲ.

ಹೀಗಿರುವಾಗ 2006ರ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಆದೇಶ ಬಂತು. 1996ಕ್ಕಿಂತ ಹಿಂದಿನಿಂದ ದಿನಗೂಲಿಯಲ್ಲಿ ಇರುವವರನ್ನು ಖಾಯಂ ಮಾಡುತ್ತಾರೆ, ಆದರೆ 1995ರಲ್ಲಿ ಇನ್ನೂರ ನಲವತ್ತು ದಿನ ಕೆಲಸ ಮಾಡಿದ್ದಕ್ಕೆ ಆಗಿನ ಹಾಜರಿಯ ದಾಖಲೆ ಬೇಕು. ದಾಖಲೆ ಇಲ್ಲದವರನ್ನು ತಿಂಗಳ ಕೊನೆಗೆ ಕೆಲಸದಿಂದ ಬಿಡಿಸಬೇಕು. ಗುಬ್ಬಿ ಕಚೇರಿಯಲ್ಲಿ ಅಂಥವರು ಉಳಿದಿದ್ದದ್ದು ಒಬ್ಬರೇ, ಹಾಗಲವಾಡಿ ತೋಟದಲ್ಲಿ ಸಸಿಗೆ ನೀರು ಹಾಕುವ ಚಿಕ್ಕಮಾರಮ್ಮ. ಹನ್ನೆರಡು ವರ್ಷದಿಂದ ಬಿಂದಿಗೆ ಹೊತ್ತು ಹೊತ್ತು ಆಕೆಯ ಒಂದು ಭುಜ ಇಳಿದುಹೋಗಿತ್ತು. ಗುಬ್ಬಿ ತಾಲ್ಲೂಕಿನ ರಸ್ತೆ ಬದಿಯ ಅರ್ಧ ಹೊಂಗೆ ಮರಗಳು ಆಕೆಯ ಕೈನೀರು ಕುಡಿದವು. ಇಷ್ಟಾದರೂ ಆಕೆಯ ಹೆಸರು ಇರುವ ಒಂದು ತುಂಡು ಕಾಗದ ಆಕೆಯ ಹತ್ತಿರ ಇರಲಿಲ್ಲ.

ಮ್ಯಾನೇಜರ್ ಶಿವರಾಮಯ್ಯ ರೆಕಾರ್ಡ್ ರೂಮಿನ ಬೀಗ ತೆಗೆಸಿದರು. 1996ರಿಂದ ಈಚಿನ ಹಾಜರಿ ಪುಸ್ತಕಗಳೆಲ್ಲ ನೆಟ್ಟಗಿದ್ದವು. 1995ರ ಪುಸ್ತಕ ಇರಬೇಕಾದ ಜಾಗದಲ್ಲಿ ಪುಸ್ತಕದಷ್ಟೇ ಎತ್ತರದ ಗೆದ್ದಲಿನ ಮಣ್ಣಿತ್ತು. ಶಿವರಾಮಯ್ಯ ಅದನ್ನು ಪೆನ್ಸಿಲಿನಿಂದ ಮುಟ್ಟಿ ನೋಡಿ, ನಿನ್ನ ಹಣೆಬರಹ ಇಷ್ಟೇ ಕಣಮ್ಮ ಅಂದರು. ಬಾಗಿಲಲ್ಲಿ ನಿಂತಿದ್ದ ಚಿಕ್ಕಮಾರಮ್ಮ ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, 'ನಾಳಿಕ್ಕೆ ಹುಣ್ಸೆ ಪಾತಿಗ್ ನೀರ್ ಬುಡೋರ್ ಯಾರು ಸ್ವಾಮಿ' ಅಂತ ಕೇಳಿದಳು.

ಆಗ ಬಾಯಿ ತೆರೆದವನು ಜವಾನ ಮುದ್ದಯ್ಯ. ಆ ವರ್ಷದ ಹಾಜರಿಯನ್ನೆಲ್ಲ ಕದರಯ್ಯನವರು ಕಂಪ್ಯೂಟರಿಗೂ ಹಾಕಿದ್ದರಲ್ಲ ಸಾ, ಅಂದ. ಎಲ್ಲರೂ ಕದರಯ್ಯನವರ ಕಡೆ ತಿರುಗಿದರು. ಮಂತ್ರಿಗಳು ಬಂದಾಗಲೂ ಆ ಕಚೇರಿಯವರು ಒಟ್ಟಿಗೆ ಹಾಗೆ ತಿರುಗಿದ್ದಿಲ್ಲ. ಕದರಯ್ಯ ಕನ್ನಡಕ ಸರಿಮಾಡಿಕೊಂಡರು.

'ಹತ್ತು ನಿಮಿಷದ ಕೆಲಸ' ಅಂದರು.

ಆ ಹತ್ತು ನಿಮಿಷ ಹನ್ನೊಂದು ದಿನ ತೆಗೆದುಕೊಂಡಿತು.

ಮೊದಲನೆಯದಾಗಿ ಫ್ಲಾಪಿ ಬೇಕಾಯಿತು. ಅಂಗೈಯಗಲದ ಆ ಕಪ್ಪು ಬಿಲ್ಲೆಯೊಳಗೇ ಹಾಜರಿಯೆಲ್ಲ ಇದ್ದದ್ದು. ಕಚೇರಿಯ ಪ್ರತಿ ಎಲ್ಲಿ ಅಂದರೆ ಮುದ್ದಯ್ಯ ಹೆಮ್ಮೆಯಿಂದ ಒಂದು ಕಡತ ತಂದ. ಸರ್ಕಾರಿ ಕಚೇರಿಯಲ್ಲಿ ಯಾವುದೇ ದಾಖಲೆ ಬಿಡಿಯಾಗಿ ಇರಕೂಡದು, ದಬ್ಬಳದಿಂದ ತೂತು ಮಾಡಿ ದಾರ ಪೋಣಿಸಿ ಕಡತಕ್ಕೆ ಹೊಲಿಯಬೇಕು. ಮೂವತ್ತು ವರ್ಷ ಅದೇ ಕೆಲಸ ಮಾಡಿದ್ದ ಮುದ್ದಯ್ಯ ಫ್ಲಾಪಿಯನ್ನೂ ಬಿಟ್ಟಿರಲಿಲ್ಲ. ಪ್ಲಾಸ್ಟಿಕ್ಕು ಗಟ್ಟಿ ಇತ್ತು ಸಾ, ಮೇಣದಬತ್ತೀಲಿ ದಬ್ಬಳ ಕಾಯಿಸಿ ಚುಚ್ಚಬೇಕಾಯ್ತು, ಎರಡು ಕಡೆ ಬಿಗಿಯಾಗಿ ಹೊಲ್ದಿದೀನಿ, ಎಲ್ಲೂ ಕಳೆದುಹೋಗಿಲ್ಲ ನೋಡಿ, ಅಂದ. ನಿಜ, ಕಳೆದುಹೋಗಿರಲಿಲ್ಲ. ಕಡತದ ಪುಟ ಸಂಖ್ಯೆ ನಲವತ್ತೊಂದು ಅಂತ ಅದರ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದೂ ಇತ್ತು.

ಶಿವರಾಮಯ್ಯ ತಲೆ ಮೇಲೆ ಕೈಯಿಟ್ಟುಕೊಂಡರು. ಕದರಯ್ಯ ಮಾತ್ರ ಅಲುಗಲಿಲ್ಲ. ಇನ್ನೊಂದು ಪ್ರತಿ ನನ್ನ ಮನೇಲಿದೆ ಅಂದರು.

ಇಲ್ಲಿ ಆ ಮನುಷ್ಯನನ್ನು ಮೆಚ್ಚಬೇಕು. ತರಬೇತಿಯ ಮೇಷ್ಟ್ರು ಕೊನೆಯ ದಿನ ಹೇಳಿದ್ದರಂತೆ: ಯಾವಾಗಲೂ ಎರಡು ಪ್ರತಿ ಮಾಡಿ, ಎರಡನೆಯದನ್ನು ಧೂಳಿಲ್ಲದ, ಬಿಸಿಲಿಲ್ಲದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡಿ. ತರಬೇತಿಗೆ ಹೋದ ನಲವತ್ತು ಜನರಲ್ಲಿ ಈ ಮಾತು ಕೇಳಿದವರು ಕದರಯ್ಯ ಒಬ್ಬರೇ ಇರಬೇಕು. ಅವರು ಮನೆಯೆಲ್ಲ ಸುತ್ತಾಡಿ ನೋಡಿದರು. ಅಷ್ಟು ಲಕ್ಷಣವೂ ಇದ್ದದ್ದು ದೇವರ ಗೂಡಿಗೆ ಮಾತ್ರ. ಅವತ್ತಿನಿಂದ ಪ್ರೋಗ್ರಾಮಿನ ಫ್ಲಾಪಿ ಒಂದು, ಹಾಜರಿಯ ಫ್ಲಾಪಿ ಒಂದು, ಎರಡೂ ಪ್ಲಾಸ್ಟಿಕ್ ಕವರಿನೊಳಗೆ ಮನೆದೇವರ ಫೋಟೋದ ಪಕ್ಕ ನಿಂತಿದ್ದವು. ಶಶಿರೇಖಾ ಹನ್ನೊಂದು ವರ್ಷ ಒಂದು ದಿನ ತಪ್ಪಿಸದೆ ಕವರಿನ ಮೇಲೆ ಕುಂಕುಮ ಇಟ್ಟಿದ್ದರು.

ಕೊಡಿ ಅಂದರೆ ಆಕೆ ಸುಲಭಕ್ಕೆ ಕೊಡಲಿಲ್ಲ. ಇಷ್ಟು ವರ್ಷ ಪೂಜೆ ಮಾಡಿದ್ದನ್ನು ಷರಟಿನ ಜೇಬಿಗೆ ಹಾಕ್ಕೊಂಡು ಹೋಗೋಕಾಗುತ್ತೇನ್ರಿ, ಅಂದರು. ಕದರಯ್ಯ ತಲೆಗೆ ಸ್ನಾನ ಮಾಡಿ, ಒಂದು ತೆಂಗಿನಕಾಯಿ ಒಡೆದು, ಮಂಗಳಾರತಿ ಆದ ಮೇಲೆಯೇ ಫ್ಲಾಪಿಗಳು ಗೂಡಿನಿಂದ ಇಳಿದವು. ಖಾಲಿಯಾದ ಜಾಗಕ್ಕೆ ಎರಡು ವೀಳ್ಯದೆಲೆ ಇಟ್ಟರು.

ಈಗ ಅರುಣಾ ಹತ್ತಿರ ಹೋಗಿ, ಅಮ್ಮ, ಇದನ್ನ ಹೇಗೆ ಪ್ರಿಂಟ್ ಮಾಡೋದು ಅಂತ ಕೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಂಪ್ಯೂಟ್ರು ಕದರಯ್ಯ ಹಾಗೆ ಕೇಳುವುದುಂಟೇ. ಭಾನುವಾರ ಬೆಳಿಗ್ಗೆ ಯಾರಿಗೂ ಹೇಳದೆ ಕುಣಿಗಲ್ ಬಸ್ ಹತ್ತಿದರು. ಅಲ್ಲಿ ಅವರ ಬಾಮೈದ ಗಂಗರಾಜು ಜೆರಾಕ್ಸ್ ಅಂಗಡಿ ಇಟ್ಟಿದ್ದ. ಮದುವೆ ಕಾರ್ಡು, ತಿಥಿ ಕಾರ್ಡು, ರೇಷನ್ ಅರ್ಜಿ ಎಲ್ಲ ಮಾಡುತ್ತಿದ್ದ. ಭಾವ ಬಂದರು ಅಂತ ಅಂಗಡಿಯ ಮುಂದೆ ಕುರ್ಚಿ ಹಾಕಿಸಿ, ಅಕ್ಕಪಕ್ಕದವರಿಗೆಲ್ಲ, ನಮ್ಮ ಭಾವ ಕುಣಿಗಲ್ಲಿಗೆ ಕರೆಂಟ್ ಸರಿಯಾಗಿ ಬರದೆ ಇದ್ದ ಕಾಲಕ್ಕೇ ಕಂಪ್ಯೂಟರ್ ಕಲಿತೋರು ಅಂತ ಪರಿಚಯ ಮಾಡಿಸಿದ.

ಗಂಗರಾಜುವಿನ ಕಂಪ್ಯೂಟರ್ ಆ ಹಾಜರಿ ಹಾಳೆಯ ಜಾತಿಯನ್ನೇ ಕಂಡಿರಲಿಲ್ಲ. ಇದನ್ನ ಯಾವುದರಲ್ಲಿ ತೆರೀಲಿ ಭಾವ ಅಂತ ಅದು ಕೇಳಿದ್ದನ್ನೇ ಗಂಗರಾಜು ಕೇಳಿದ. ಯಾವುದರಲ್ಲಾದರೂ ತೆಗಿ, ಅಡಿಪಾಯ ಒಂದೇ ಅಂದರು ಕದರಯ್ಯ. ಪರದೆಯ ತುಂಬ ಚೌಕುಳಿ, ಕೊಕ್ಕೆ, ಸೊನ್ನೆಗಳು ತುಂಬಿಕೊಂಡವು. ಪ್ರಿಂಟ್ ಆದಾಗ ಸರಿಹೋಗುತ್ತೆ ಕೊಡು ಅಂದರು. ಗಂಗರಾಜು ಕೊಟ್ಟ. ಪ್ರಿಂಟರು ಒಂದು ಹಾಳೆಯ ನೆತ್ತಿಯ ಮೇಲೆ ಎರಡು ಕೊಕ್ಕೆ, ಒಂದು ಸೊನ್ನೆ ಬರೆದು ಆಚೆಗೆ ತಳ್ಳಿತು. ಇನ್ನೊಂದು ಹಾಳೆ ತೆಗೆದುಕೊಂಡು ಅದರಲ್ಲಿ ಒಂದು ಕೊಕ್ಕೆ ಬರೆದು ತಳ್ಳಿತು. ನಿಲ್ಲಿಸೋ ಅಂದರೆ ನಿಲ್ಲಲಿಲ್ಲ. ವೈರು ಕಿತ್ತು ಮತ್ತೆ ಹಾಕಿದರೆ ನೆನಪಿಟ್ಟುಕೊಂಡು ಮತ್ತೆ ಶುರುಮಾಡಿತು. ನೂರ ಎಂಬತ್ತು ಹಾಳೆ ಆದ ಮೇಲೆ ಕಾಗದ ಮುಗಿದು ತಾನೇ ನಿಂತಿತು.

ಊಟಕ್ಕೆ ಕರೆಯಲು ಬಂದ ಅತ್ತೆ ಪುಟ್ಟತಾಯಮ್ಮ ಆ ಹಾಳೆಗಳನ್ನು ನೋಡಿದರು. ಚೌಕುಳಿ, ಕೊಕ್ಕೆ, ನಡುವೆ ಸೊನ್ನೆ. ಅಳಿಯಂದ್ರು ಯಂತ್ರ ಬರೆಸ್ತಾವ್ರೆ ಅಂತ ಅವರಿಗೆ ತಕ್ಷಣ ಗೊತ್ತಾಗಿಹೋಯಿತು. ಯಾರಿಗೂ ಹೇಳದೆ ಒಂದು ಹಾಳೆ ಮಡಚಿಕೊಂಡು ಹೋಗಿ, ಹಾಲು ಕೊಡದ ಎಮ್ಮೆಯ ಕೊಟ್ಟಿಗೆ ಬಾಗಿಲಿಗೆ ಕಟ್ಟಿದರು. ಪಕ್ಕದ ಮನೆಯವರು ಕೇಳಿ ಎರಡು ಹಾಳೆ ಒಯ್ದರು. ಸಾಯಂಕಾಲದ ಹೊತ್ತಿಗೆ ಆ ಬೀದಿಯಲ್ಲಿ ಹದಿನಾಲ್ಕು ಬಾಗಿಲಿಗೆ ಗುಬ್ಬಿ ಕಚೇರಿಯ ಹಾಜರಿ ನೇತಾಡುತ್ತಿತ್ತು. ಎಮ್ಮೆ ಮಾರನೇ ದಿನ ಎರಡು ಲೀಟರ್ ಕೊಟ್ಟಿತು ಅಂತ ಆಮೇಲೆ ಸುದ್ದಿ ಬಂತು. ಇದನ್ನು ನಾವು ಹೌದು ಅನ್ನುವುದೂ ಬೇಡ, ಅಲ್ಲ ಅನ್ನುವುದೂ ಬೇಡ.

ಸೋಮವಾರ ಕದರಯ್ಯ ಬೇರೆ ದಾರಿಯಿಲ್ಲದೆ ಕಚೇರಿಯ ಹೊಸ ಕಂಪ್ಯೂಟರಿಗೇ ಫ್ಲಾಪಿ ಹಾಕಿದರು. ಮೌಸನ್ನು ಮುಟ್ಟದೆ ದೂರ ಸರಿಸಿ, ಕಪ್ಪು ಕಿಟಕಿ ಒಂದನ್ನು ಮಾತ್ರ ತೆಗೆದುಕೊಡಮ್ಮ ಅಂತ ಅರುಣಾಗೆ ಹೇಳಿದರು. ಪ್ರೋಗ್ರಾಂ ಓಡಿತು. ಹನ್ನೊಂದು ವರ್ಷ ಕರ್ಪೂರದ ಹೊಗೆ ಕುಡಿದ ಫ್ಲಾಪಿಯಿಂದ ಒಂದು ಅಕ್ಷರ ಅಳಿಸದ ಹಾಗೆ ಹಾಳೆ ಎದ್ದು ಬಂತು. ಏಳನೇ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಚಿಕ್ಕಮಾರಮ್ಮ, ಹಾಗಲವಾಡಿ ಅಂತ ಇತ್ತು. ಆಕೆಯನ್ನು ಕರೆದು ತೋರಿಸಿದರು. ಓದಲು ಬಾರದ ಚಿಕ್ಕಮಾರಮ್ಮ ಪರದೆಯನ್ನು ಬೆರಳ ತುದಿಯಿಂದ ಮುಟ್ಟಿ, ಬಿಸಿ ಇದೆಯಲ್ಲ ಸ್ವಾಮಿ ಅಂದಳು.

ಕದರಯ್ಯ ಕಣ್ಣು ಮುಚ್ಚಿ ಸ್ಲ್ಯಾಶ್, ಪೀ, ಪೀ ಅಂತ ಮಗ್ಗಿ ಒಪ್ಪಿಸಿದರು. ಪ್ರಿಂಟರು ಗುಮ್ಮನೆ ಕೂತಿತ್ತು. ಮತ್ತೊಮ್ಮೆ ಒಪ್ಪಿಸಿದರು. ಪ್ರಿಂಟರು ಸಿದ್ಧವಿಲ್ಲ ಅಂತ ಪರದೆ ಹೇಳಿತು. ಮುದ್ದಯ್ಯ ಬಂದು ಅದರ ಬೆನ್ನ ಮೇಲೆ ಎರಡು ತಟ್ಟಿ, ಹೂವು ಏರಿಸಿ ನೋಡಿದ. ಶಿವರಾಮಯ್ಯ, ಪರದೆ ಮೇಲಿದ್ದರೆ ಏನಯ್ಯಾ ಪ್ರಯೋಜನ, ಪರದೆಯನ್ನ ಕಡತಕ್ಕೆ ಹೊಲಿಯೋಕಾಗುತ್ತಾ ಅಂತ ಗೊಣಗಿ, ಮುದ್ದಯ್ಯ ದಬ್ಬಳ ಹುಡುಕುತ್ತಿರುವುದನ್ನು ನೋಡಿ ಗಾಬರಿಯಾಗಿ ಸುಮ್ಮನಾದರು.

ಕದರಯ್ಯನವರ ಹಣೆಯಲ್ಲಿ ಬೆವರು ಬಂದಿತ್ತು. ಅರುಣಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ನಿಮ್ಮ ಹಳೇ ಪ್ರೋಗ್ರಾಂ ಹಳೇ ಪ್ರಿಂಟರಿನ ದಪ್ಪ ವೈರನ್ನ ಮಾತ್ರ ಹುಡುಕುತ್ತೆ ಸರ್, ಹೊಸದು ಬೇರೆ ವೈರಿನಲ್ಲಿದೆ, ಪಕ್ಕದಲ್ಲೇ ಇದ್ದರೂ ಅದಕ್ಕೆ ಕಾಣಲ್ಲ, ಅಂತ ಮೆತ್ತಗೆ ಹೇಳಿ, ಅದೇ ಫೈಲನ್ನು ಹೊಸ ಪ್ರೋಗ್ರಾಮಿನಲ್ಲಿ ತೆಗೆದು, ಐದು ನಿಮಿಷದಲ್ಲಿ ಪ್ರಿಂಟ್ ಕೊಟ್ಟರು. ಫಳಫಳ ಹೊಳೆಯುವ ಹಾಳೆ, ದುಂಡಗಿನ ಅಕ್ಷರ, ಸುತ್ತ ಗೆರೆ. ನಾನೂ ಅದನ್ನೇ ಹೇಳೋಣ ಅಂತಿದ್ದೆ ಅಂದರು ಕದರಯ್ಯ. ಅರುಣಾ ಹೌದು ಸರ್ ಅಂದರು.

ಮಾರನೇ ದಿನ ಅದನ್ನು ಹಿಡಿದುಕೊಂಡು ಕದರಯ್ಯ ತುಮಕೂರಿನ ಜಿಲ್ಲಾ ಕಚೇರಿಗೆ ಹೋದರು. ಚಿಕ್ಕಮಾರಮ್ಮನೂ ಜೊತೆಗೆ ಬಂದು ಹೊರಗೆ ಜಗಲಿಯ ಮೇಲೆ ಕೂತಳು. ಜಿಲ್ಲಾ ಅಧಿಕಾರಿ ರಂಗನಾಥ್ ಬಂದು ಮೂರು ತಿಂಗಳಾಗಿತ್ತು. ಭಾರಿ ಕಟ್ಟುನಿಟ್ಟು ಅಂತ ಹೆಸರು. ಅವರು ಹಾಳೆಯನ್ನು ಓದಲೇ ಇಲ್ಲ. ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿದರು.

'ಇದು ತೊಂಬತ್ತೈದರ ಪಟ್ಟೀನಾ? ಮದುವೆ ಕಾರ್ಡ್ ಇದ್ದಂಗಿದೆಯಲ್ಲರೀ' ಅಂದರು.

ಬೇರೆ ತಾಲ್ಲೂಕಿನಿಂದ ಆಗ ಬಂದಿದ್ದ ಪಟ್ಟಿಗಳನ್ನು ತರಿಸಿ ಮೇಜಿನ ಮೇಲೆ ಹರಡಿದರು. ಎರಡೂ ಅಂಚಿಗೆ ಸಾಲಾಗಿ ತೂತು, ಚುಕ್ಕಿ ಚುಕ್ಕಿಯ ಮಾಸಲು ಅಕ್ಷರ, ಹಾವಿನಂತೆ ಮಡಚಿಕೊಂಡ ಉದ್ದನೆಯ ಕಾಗದ. ಹಳೇ ಪಟ್ಟಿ ಅಂದ್ರೆ ಹಿಂಗಿರಬೇಕು, ನಿಮ್ಮದನ್ನ ನಿನ್ನೆ ಟೈಪ್ ಮಾಡಿಸಿಕೊಂಡು ಬಂದಿದೀರಿ ಅಂತ ಆಡಿಟ್‌ನೋರು ನನ್ನ ಕುತ್ತಿಗೆ ಹಿಡೀತಾರೆ, ಅಂದರು. ಅಕ್ಷರ ಅವೇ ಸರ್, ಪ್ರಿಂಟರು ಮಾತ್ರ ಹೊಸದು ಅಂದರೆ ಕೇಳಲಿಲ್ಲ. ಹಳೇ ಫೈಲಾದ್ರೆ ಹಳೇ ತರಾನೇ ಪ್ರಿಂಟ್ ಆಗಲಿ, ಶುಕ್ರವಾರ ನಾಲ್ಕು ಗಂಟೆಗೆ ಬೆಂಗಳೂರಿಗೆ ಪಟ್ಟಿ ಹೋಗುತ್ತೆ, ಅಷ್ಟರೊಳಗೆ ತನ್ನಿ ಅಂದರು. ಸತ್ಯವನ್ನು ಹೊಸ ಪ್ರಿಂಟರಿನಲ್ಲಿ ಹೊಡೆದರೆ ಅದು ಸುಳ್ಳಾಗುತ್ತದೆ ಅನ್ನುವ ಸರ್ಕಾರದ ಈ ತತ್ವ ಅವತ್ತು ಕದರಯ್ಯನವರಿಗೆ ಮನದಟ್ಟಾಯಿತು.

ಹೊರಗೆ ಬಂದು ಜಗಲಿಯ ಮೇಲೆ ಕುಕ್ಕರಿಸಿದರು. ಹಳೇ ಪ್ರಿಂಟರು ಗುಜರಿಗೆ ಹೋಗಿ ವರ್ಷವಾಗಿತ್ತು. ಚಿಕ್ಕಮಾರಮ್ಮ ಏನಾಯ್ತು ಅಂದಳು. ಅವರು ಜೀವನದಲ್ಲಿ ಮೊದಲನೇ ಸಲ ಆ ಮಾತು ಆಡಿದರು. 'ನಂಗೆ ಗೊತ್ತಾಗ್ತಿಲ್ಲ ಕಣಮ್ಮ.' ತೂತಿನ ಕಾಗದ, ಚುಕ್ಕಿ ಅಕ್ಷರ, ಕರ್ ಕರ್ ಸದ್ದಿನ ಪ್ರಿಂಟರು, ಅದು ಎಲ್ಲಿಂದ ತರಲಿ ಅಂತ ವಿವರಿಸಿದರು. ಚಿಕ್ಕಮಾರಮ್ಮ ಎಲೆಅಡಿಕೆ ಒಂದು ಕಡೆಗೆ ಸರಿಸಿದಳು.

'ತೂತಿನ್ ಕಾಗ್ದವಾ? ಕ್ಯಾತ್ಸಂದ್ರದಾಗೆ ಲಾರಿ ತೂಕ ಹಾಕ್ತಾರಲ್ಲ, ಅಲ್ಲೈತೆ ಬುಡಿ. ಗೊಬ್ಬರದ್ ಲಾರಿ ಜೊತೆ ಹೋದಾಗೆಲ್ಲ ನೋಡಿವ್ನಿ. ಕರ್ರೋ ಅಂತ ಹೊಡ್ಕತದೆ.'

ಶಿವರಾಮಯ್ಯ ಅನುಮತಿ ಕೊಡುವ ಹೊತ್ತಿಗೆ ಶುಕ್ರವಾರವೇ ಬಂತು. ಅವತ್ತು ಎರಡು ಗಂಟೆಗೆ ಕದರಯ್ಯ, ಚಿಕ್ಕಮಾರಮ್ಮ, ಅರ್ಧ ದಿನ ರಜೆ ಹಾಕಿದ ಅರುಣಾ, ಮೂವರೂ ಕ್ಯಾತ್ಸಂದ್ರದ ಹೈವೇ ಪಕ್ಕದ ವೇ ಬ್ರಿಡ್ಜ್ ಮುಂದೆ ನಿಂತಿದ್ದರು. ತಗಡಿನ ಗೂಡೊಳಗೆ ಅದರ ಯಜಮಾನ ಬೀರಯ್ಯ ಕೂತಿದ್ದ. ಅವನ ಮುಂದೆ, ಅಬ್ಬಾ, ಅದೇ ಕಪ್ಪು ಪರದೆ. ಅದರ ಪಕ್ಕದಲ್ಲಿ ಅದೇ ಪ್ರಿಂಟರು, ಅದೇ ತೂತಿನ ಕಾಗದ. ಕದರಯ್ಯನವರ ಕಣ್ಣು ತುಂಬಿಬಂತು. ಕಳೆದುಹೋಗಿದ್ದ ನೆಂಟರು ಸಿಕ್ಕ ಹಾಗೆ ಆ ಪ್ರಿಂಟರಿನ ತಲೆ ಸವರಿದರು.

ಬೀರಯ್ಯ ಒಪ್ಪಲಿಲ್ಲ. ಹಿಂದೆ ಹನ್ನೊಂದು ಲಾರಿ ನಿಂತಿದ್ದವು. ಚಿಕ್ಕಮಾರಮ್ಮ ಮುಂದೆ ಬಂದು, ನಿಂಗೆ ಪುಣ್ಯ ಬತ್ತದೆ ಕಣಪ್ಪ, ಅಂದಳು. ಬೀರಯ್ಯ ಆಕೆಯ ಇಳಿದ ಭುಜ ನೋಡಿದ. ಹದಿನೈದು ನಿಮಿಷ ಮಾತ್ರ ಅಂದ. ಮೆಷೀನಿನ ಬ್ಯಾಟರಿ ಸತ್ತೈತೆ, ಆರಿಸಿ ಹಾಕಿದಾಗೆಲ್ಲ ತಾರೀಕು ಕೇಳ್ತದೆ, ತುಂಬಿ, ಅಂತಲೂ ಹೇಳಿದ. ಅಷ್ಟರಲ್ಲಿ ಹಿಂದಿನ ಲಾರಿಯವನು ಹಾರನ್ ಒತ್ತಿಕೊಂಡು ನಿಂತ. ಆ ಸದ್ದಿಗೆ ಕದರಯ್ಯ ತಾರೀಕು ಕೇಳಿದ್ದಕ್ಕೆ ಏನೂ ಬರೆಯದೆ ಎಂಟರ್ ಒತ್ತಿಬಿಟ್ಟರು.

ಫ್ಲಾಪಿ ಹಾಕಿ ಮಗ್ಗಿ ಒಪ್ಪಿಸಿದ್ದೇ ಪ್ರಿಂಟರು ಎದ್ದಿತು, ಕರ್ರೋ ಅಂತು. ಆದರೆ ಕಾಗದ ಲಾರಿ ಚೀಟಿಯ ಅಗಲದ್ದು, ಹಾಜರಿಯ ಸಾಲು ಅದಕ್ಕಿಂತ ಉದ್ದ. ಮೊದಲ ಹಾಳೆಯಲ್ಲಿ ಹದಿನೇಳನೇ ತಾರೀಕಿನ ತನಕ ಬಂದು, ಮಿಕ್ಕದ್ದು ಕಡಿದುಹೋಯಿತು. ಡ್ರೈವರುಗಳು ಕಿಟಕಿಗೆ ಬಂದು ನಿಂತರು. ಒಬ್ಬ, ಎರಡು ಟ್ರಿಪ್ ಹೊಡೀರಿ ಸಾ ಅಂದ. ಅರುಣಾ ಮೊದಲನೇ ಸಲ ಕೈ ಕಟ್ಟಿ ಕೂತರು. ಈ ಲೋಕ ಅವರಿಗೂ ಗೊತ್ತಿರಲಿಲ್ಲ. ಇನ್ನು ಒಂಬತ್ತು ನಿಮಿಷ ಅಂದ ಬೀರಯ್ಯ.

ಕದರಯ್ಯ ಕಣ್ಣು ಮುಚ್ಚಿದರು. ಬಚ್ಚಲ ನೀರಿನ ಸದ್ದು ನೆನಪಾಯಿತು, ಮಗ್ಗಿಯ ಕೊನೆಯ ಸಾಲೂ ನೆನಪಾಯಿತು. 'ಸ್ಲ್ಯಾಶ್, ಪೀ, ಪೀ, ಓ, ಎಸ್. ಹಿಂಗಡೆ ಓರೆಗೆರೆ, ಸೊನ್ನೆ ಒಂದು ಐದು.' ಬೆರಳುಗಳು ತಾವಾಗಿ ಓಡಿದವು. ಇದು ಏನು ಮಾಡುತ್ತೆ ಸರ್ ಅಂತ ಅರುಣಾ ಕೇಳಿದರು. ಅಕ್ಷರ ಸಣ್ಣಗಾಗುತ್ತಮ್ಮ ಅಂದರು. ಪ್ರಿಂಟರು ಗಂಟಲು ಸರಿಮಾಡಿಕೊಂಡು, ಇರುವೆ ಸಾಲಿನಂಥ ಅಕ್ಷರದಲ್ಲಿ ಜನವರಿಯ ಮೂವತ್ತೊಂದು ದಿನವನ್ನೂ ಒಂದೇ ಸಾಲಿನಲ್ಲಿ ಬರೆಯಿತು. ಡ್ರೈವರುಗಳು ಸಿಳ್ಳೆ ಹಾಕಿದರು. ಅರುಣಾ ಆ ಮೂರು ಅಂಕಿಯನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು. ಹನ್ನೆರಡು ವರ್ಷ ಸುಮ್ಮನೆ ಮೆರೆದಿದ್ದ ಬಿರುದು ಆ ಕ್ಷಣಕ್ಕೆ ನಿಜವಾಯಿತು, ಅದಕ್ಕೆ ಹನ್ನೊಂದು ಲಾರಿಯವರೇ ಸಾಕ್ಷಿ.

ತುಮಕೂರಿಗೆ ಹೋಗುವ ಆಟೋದಲ್ಲಿ ಕದರಯ್ಯ ಕಾಗದ ಮಡಚುತ್ತಾ ನೋಡಿದರು, ಕೊನೆಯಲ್ಲಿ ನಾಲ್ಕು ಹಾಳೆ ಹೆಚ್ಚಿಗೆ ಬಂದಿದ್ದವು. ಗಾಬರಿಯಲ್ಲಿ ಪಟ್ಟಿಯ ತನಕ ಆರಿಸಿಕೊಳ್ಳುವ ಬದಲು ಹಾಳೆಯ ಕೊಟ್ಟಕೊನೆಯ ಮನೆಯ ತನಕ ಆರಿಸಿಕೊಂಡಿದ್ದರು. ಪಟ್ಟಿಯ ಬಲಕ್ಕೆ, ಯಾರೂ ಹೋಗದಷ್ಟು ದೂರದಲ್ಲಿ, ಅವರು ಆಗ ಒಂದು ಷರಾ ಖಾನೆ ಮಾಡಿಕೊಂಡಿದ್ದರು. ಯಾರಿಗೆ ಯಾವತ್ತು ಜ್ವರ, ಯಾರ ಮಗಳ ಮದುವೆ, ಎಲ್ಲ ಬರೆದಿಡುತ್ತಿದ್ದರು. ಒಂದು ಷರಾ ಓದುತ್ತಿದ್ದ ಹಾಗೆ ಅವರ ಮುಖ ಬಿಳುಚಿಕೊಂಡಿತು. ಆ ನಾಲ್ಕು ಹಾಳೆಯನ್ನು ಕಿತ್ತು, ಮಡಚಿ, ಷರಟಿನೊಳಗೆ ಬನಿಯನ್ನಿಗೆ ಸಿಕ್ಕಿಸಿಕೊಂಡರು. ಏನ್ ಸರ್ ಅಂದರೆ, ಏನಿಲ್ಲ ಅಂದರು.

ಮೂರೂವರೆಗೆ ರಂಗನಾಥ್ ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ತೂತು ನೋಡಿದರು, ಚುಕ್ಕಿ ನೋಡಿದರು, ತಲೆದೂಗಿದರು. ಆಮೇಲೆ ಮೇಲ್ಗಡೆ ತಾರೀಕು ನೋಡಿ ನಿಂತರು. ಒಂದು ಜನವರಿ 1980 ಅಂತ ಇತ್ತು. ತೊಂಬತ್ತೈದರ ಹಾಜರೀನ ಎಂಬತ್ತರಲ್ಲೇ ಪ್ರಿಂಟ್ ಮಾಡಿದ್ರಾ ಅಂತ ಕೇಳಿದರು. ಕದರಯ್ಯ ವೇ ಬ್ರಿಡ್ಜು, ಸತ್ತ ಬ್ಯಾಟರಿ, ತಾರೀಕು ಕೊಡದಿದ್ದರೆ ಎಂಬತ್ತನೇ ಇಸವಿಗೇ ಹೋಗಿ ಕೂರುವ ಮೆಷೀನು, ಲಾರಿ ಹಾರನ್ನು ಎಲ್ಲ ಇದ್ದದ್ದಿದ್ದ ಹಾಗೆ ಹೇಳಿಬಿಟ್ಟರು. ರಂಗನಾಥ್ ಯೋಚನೆ ಮಾಡಿದರು. ಮೋಸ ಮಾಡೋರು ಯಾರೂ ಇಷ್ಟು ತಪ್ಪು ತಾರೀಕು ಹಾಕಲ್ಲ, ಇರಲಿ, ಅಂದರು. ಆಮೇಲೆ ಏಳನೇ ಸಾಲಿಗೆ ಬೆರಳಿಟ್ಟು ಒಂದೊಂದೇ ತಿಂಗಳು ಕೂಡಿಸಿದರು. ಇನ್ನೂರ ನಲವತ್ತು ಬಂತು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಬಾಗಿಲಲ್ಲಿ ಅರುಣಾ ಚಿಕ್ಕಮಾರಮ್ಮನ ಕೈ ಹಿಡಿದುಕೊಂಡರು.

'ಜುಲೈ ಹನ್ನೆರಡಕ್ಕೆ ಇದೇನ್ರೀ ನಕ್ಷತ್ರ?' ರಂಗನಾಥ್ ಕೇಳಿದರು. ಪಟ್ಟಿಯ ಕೆಳಗೆ ಕದರಯ್ಯನವರೇ ಬರೆದಿದ್ದರು, ನಕ್ಷತ್ರ ಅಂದರೆ ಅರ್ಧ ದಿನ, ವಿವರಕ್ಕೆ ಷರಾ ನೋಡುವುದು. 'ಅರ್ಧ ದಿನವಾದ್ರೆ ಇನ್ನೂರ ಮೂವತ್ತೊಂಬತ್ತೂವರೆ ಆಯ್ತು. ಆಗಲ್ಲ. ಷರಾ ಎಲ್ಲಿ?'

ಕದರಯ್ಯನವರ ಬನಿಯನ್ನಿನೊಳಗೆ ಷರಾ ಬೆವರುತ್ತಿತ್ತು. ಸರ್ವೀಸು ಇನ್ನು ಎರಡೇ ವರ್ಷ ಉಳಿದಿತ್ತು. ಷರಾ ಇಲ್ಲ ಸರ್ ಅಂದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ತಿರುಗಿ ಬಾಗಿಲ ಕಡೆ ನೋಡಿದರು. ಚಿಕ್ಕಮಾರಮ್ಮ ಅವರನ್ನೇ ನೋಡುತ್ತಿದ್ದಳು, ಕಂಪ್ಯೂಟರ್ ಗೊತ್ತಿರುವವರಿಗೆ ಎಲ್ಲ ಗೊತ್ತಿರುತ್ತದೆ ಅನ್ನುವ ನಂಬಿಕೆಯಲ್ಲಿ.

ಕದರಯ್ಯ ಷರಟಿನ ಎರಡು ಗುಂಡಿ ಬಿಚ್ಚಿ, ಹಾಳೆ ಈಚೆಗೆ ತೆಗೆದು ಮೇಜಿನ ಮೇಲಿಟ್ಟರು. ಬೆವರಿನಲ್ಲಿ ಸ್ವಲ್ಪ ಒದ್ದೆಯಾಗಿತ್ತು. ರಂಗನಾಥ್ ಅದನ್ನು ಬಿಡಿಸಿ ಮನಸ್ಸಿನಲ್ಲೇ ಓದಿಕೊಂಡರು. ಕಚೇರಿಯ ಇಂಗ್ಲಿಷಿನಲ್ಲಿದ್ದ ಆ ಷರಾವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

'ಸದರಿ ದಿನ ತರಬೇತಿಗೆ ಬಂದಿದ್ದ ಹೊಸ ಅಧಿಕಾರಿ ಶ್ರೀ ರಂಗನಾಥ್ ಅವರು ತೋಟ ನೋಡುವಾಗ ಹಿಂದಹಿಂದಕ್ಕೆ ಹೆಜ್ಜೆಯಿಟ್ಟು ಗೊಬ್ಬರದ ಗುಂಡಿಗೆ ಕತ್ತಿನವರೆಗೆ ಬಿದ್ದರು. ಚಿಕ್ಕಮಾರಮ್ಮ ಜಡೆ ಹಿಡಿಯುವ ಹಾಗೆ ಕೂದಲು ಹಿಡಿದು ಎತ್ತಿ, ಹನ್ನೆರಡು ಬಿಂದಿಗೆ ನೀರು ಹಾಕಿ ತೊಳೆದು, ಮನೆಗೆ ಹೋಗಿ ಗಂಡನ ಪಂಚೆ ತಂದುಕೊಟ್ಟಳು. ಇದರಿಂದ ಸಸಿಯ ಕೆಲಸ ಅರ್ಧ ದಿನ ನಿಂತಿತು. ಆದರೆ ಸದರಿ ಕೆಲಸವೂ ಸರ್ಕಾರಿ ಕೆಲಸವೇ ಆದ್ದರಿಂದ ಪೂರ್ತಿ ದಿನವೆಂದು ಪರಿಗಣಿಸಿದೆ. ಪಂಚೆ ಇನ್ನೂ ವಾಪಸ್ ಬಂದಿಲ್ಲ.'

ರಂಗನಾಥ್ ಎರಡನೇ ಸಲ ಓದಿದರು. ಅವರ ಕಿವಿ ಕೆಂಪಾಗಿತ್ತು. ಕನ್ನಡಕ ತೆಗೆದು ಬಾಗಿಲ ಕಡೆ ನೋಡಿದರು. ಇಳಿದ ಭುಜ, ಎಲೆಅಡಿಕೆಯ ಬಾಯಿ.

'ಇನ್ನೂ ಅಲ್ಲೇ ಇದೀರಾ ಅಮ್ಮ?'

'ಸಸಿ ಬುಟ್ಟು ಎಲ್ಲೋಗ್ಲಿ ಸ್ವಾಮಿ' ಅಂದಳು ಚಿಕ್ಕಮಾರಮ್ಮ. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿ, 'ನೀವಾ' ಅಂದಳು. ಅಷ್ಟೇ ಅಂದಳು. ಸಾಹೇಬರ ಮಾನ ಕಾಯುವುದು ಆಕೆಗೂ ಗೊತ್ತಿತ್ತು.

ರಂಗನಾಥ್ ಪೆನ್ನು ತೆಗೆದು ಪಟ್ಟಿಯ ಕೆಳಗೆ, ಇನ್ನೂರ ನಲವತ್ತು ಪೂರ್ತಿ ದಿನ, ಸ್ವತಃ ಪರಿಶೀಲಿಸಲಾಗಿದೆ ಅಂತ ಬರೆದು ಸಹಿ ಹಾಕಿದರು. ಸ್ವತಃ ಅನ್ನುವ ಪದವನ್ನು ಸರ್ಕಾರಿ ದಾಖಲೆಯಲ್ಲಿ ಇಷ್ಟು ನಿಜವಾಗಿ ಯಾರೂ ಬಳಸಿರಲಾರರು. ಷರಾದ ಹಾಳೆಯನ್ನು ಕದರಯ್ಯನವರಿಗೆ ವಾಪಸ್ ಕೊಟ್ಟು, ಇದನ್ನ ಎಲ್ಲಿಂದ ತೆಗೆದ್ರೋ ಅಲ್ಲೇ ಇಡಿ ಅಂದರು. ಕದರಯ್ಯ ಮತ್ತೆ ಎರಡು ಗುಂಡಿ ಬಿಚ್ಚಿದರು.

ತಿಂಗಳ ಕೊನೆಗೆ ಗುಬ್ಬಿಗೆ ಟಪಾಲು ಬಂತು. ಒಂದು ಲಕೋಟೆಯಲ್ಲಿ ಚಿಕ್ಕಮಾರಮ್ಮನ ಹೆಸರಿನಲ್ಲಿ ಖಾಯಮಾತಿ ಆದೇಶ. ಅದರ ಜೊತೆ ಒಂದು ಪೊಟ್ಟಣ, ಒಳಗೆ ಹೊಸ ಪಂಚೆ, ಜರಿ ಅಂಚಿನದು. ಚೀಟಿ ಇರಲಿಲ್ಲ. ಶಿವರಾಮಯ್ಯನವರಿಗೆ ಏನೂ ಅರ್ಥವಾಗಲಿಲ್ಲ. ಚಿಕ್ಕಮಾರಮ್ಮ ಆದೇಶವನ್ನು ಕಣ್ಣಿಗೊತ್ತಿಕೊಂಡು, ಪಂಚೆಯನ್ನು ಬಿಡಿಸಿ ನೋಡಿ, ಹಳೇದಕ್ಕಿಂತ ನಯವಾಗೈತೆ ಅಂದಳು.

ಎಲ್ಲರೂ ಹೋದ ಮೇಲೆ ಕದರಯ್ಯ ಅರುಣಾ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಮೌಸನ್ನು ಒರೆಸಲು ಕರ್ಚೀಫು ತೆಗೆಯಲಿಲ್ಲ, ಹಾಗೇ ಹಿಡಿದುಕೊಂಡರು.

'ಅರುಣಮ್ಮ, ನಂಗಿದು ಬರಲ್ಲ. ಷರಾ ಖಾನೇಲಿ ಒಂದು ಸಾಲು ಸೇರಿಸ್ಬೇಕು, ಹೇಳ್ಕೊಡ್ತೀಯಾ?'

'ಬಲಗಡೆಗೆ ದೂರ ಹೋಗ್ಬೇಕು ಸರ್, ನಂಗೆ ಜಾಗ ಗೊತ್ತು' ಅಂದರು ಅರುಣಾ. ಪ್ರಿಂಟ್ ತೆಗೆದ ಸೋಮವಾರವೇ ಅವರು ಅದನ್ನೆಲ್ಲ ಓದಿ, ಯಾರಿಗೂ ಹೇಳದೆ ಪಟ್ಟಿಯನ್ನಷ್ಟೇ ಆರಿಸಿ ಪ್ರಿಂಟ್ ಕೊಟ್ಟಿದ್ದರು. ಸೊನ್ನೆ ಒಂದು ಐದು ಅನ್ನುವ ಅಂಕಿ ಅವರ ಟೇಬಲ್ಲಿನ ಗಾಜಿನ ಕೆಳಗೆ ಚೀಟಿಯಲ್ಲಿ ಇತ್ತು.

ಕದರಯ್ಯ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. 'ಪಂಚೆ ವಾಪಸ್ ಬಂದಿದೆ. ಕಡತ ಮುಕ್ತಾಯ.'

ಎರಡೂ ಫ್ಲಾಪಿಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೊರಟರು. ಶಶಿರೇಖಾ ಗೂಡಿನ ವೀಳ್ಯದೆಲೆ ತೆಗೆದು, ಕುಂಕುಮದ ಬಟ್ಟಲು ಹಿಡಿದು ಕಾಯುತ್ತಿದ್ದರು.